ದಗದಾ ಛಲೋ ಐತಿ ತಮ್ಮಾ, ರಾಜೀನಾಮೆ ತಾರೀಖು ಛಲೋ ಇಲ್ಲ

ಹಲೋ, ಎಲ್ಲಾರಿಗೂ ಕೇಳಸ್ತೈತೇನ್ರಿ? ಬೇಕಂತಲೇ ಗ್ರೂಪಿಗೆ ಹಾಕಾಕತ್ತೀನಿ. ತಮ್ಮಗ ಒಬ್ಬಗ ಕಳಿಸಿದ್ರ ನಡೀತಿತ್ತು, ಆದ್ರ ಕಾಕಾನೂ ಕೇಳಬೇಕು, ಅತ್ತಿನೂ ಕೇಳಬೇಕು. ಟೈಪ್ ಮಾಡಾಕ ಕುಂತ್ರ ನನಗ ಮುಂಜಾನಿ ಆಗ್ತೈತಿ, ಅದಕ್ಕ ಮಾತಾಡೇ ಬಿಡ್ತೀನಿ. ಉದ್ದ ಆಗ್ತೈತಿ, ರೊಟ್ಟಿ ಬಡ್ಕೋತ ಕೇಳ್ರಿ.

ತಮ್ಮಾ, ನಿನ್ನೆ ರಾತ್ರಿ ನೀ ಹಾಕಿದ್ದು ಓದಿದೆ. ಇಲ್ಲೇ ಹುಬ್ಬಳ್ಳಿ ಗೋಕುಲ ರೋಡಿನ ಶೋರೂಮ್ ಕೆಲಸಾ ಬಿಟ್ಟು, ಮಾಮಾನಂಗ ಕಿಡಕಿ-ಗಾಜು ಸ್ವಚ್ಛ ಮಾಡೋ ಸ್ವಂತ ದಗದಾ ಹಿಡೀತೀನಿ, ಬರೋ ಒಂದನೇ ತಾರೀಖಿಗೆ ರಾಜೀನಾಮೆ ಕೊಡ್ತೀನಿ ಅಂದೀ. ಕಾಕಾ "ಬಿ.ಕಾಂ. ಓದಿ ಮಂದಿ ಕಿಡಕಿ ಒರಸ್ತೀಯೇನಲೇ" ಅಂದ್ರು. ಅತ್ತಿ "ಕನ್ಯಾ ಯಾರು ಕೊಡ್ತಾರ" ಅಂದ್ರು. ಉಳದವರು ನಗೋ ಮಾರಿ ಹಾಕಿ ಸುಮ್ಮನಾದ್ರಿ. ಇವ್ರು, ಅಂದ್ರ ನಿನ್ನ ಮಾಮಾ, ಗಾಜಿನ ಕೆಲಸಕ್ಕ ಇಳದಾಗಿಂದ ಫೋನ್ ಎತ್ತಾಕಿ ನಾನು, ಹಿಶೋಬ ಬರಿಯಾಕಿ ನಾನು. ಅದಕ್ಕ ಇವ್ರಿಗಿಂತ ನಾ ಹೇಳೋದ ಛಲೋ. ಇವ್ರನ್ನ ಕೇಳಿದ್ರ ರಬ್ಬರ್ ಬ್ಲೇಡಿನ ಮ್ಯಾಲೆ ಒಂದು ತಾಸು ಮಾತಾಡ್ತಾರ.

ದಗದಾ ಛಲೋ ಐತಿ. ನಿನ್ನ ರಾಜೀನಾಮೆ ತಾರೀಖು ಛಲೋ ಇಲ್ಲ. ನಾ ಹೇಳೋದು ಇಷ್ಟ, ಮುಂದಿಂದೆಲ್ಲಾ ಅದರ ಲೆಕ್ಕ.

ಇದು ಒಂದ್ಸಲ ಹೋಗಿ ಒರಸಿ ರೊಕ್ಕ ತಗೊಂಡು ಬರೋ ಕೆಲಸ ಅಲ್ಲ. ಹಾಲಿನವ ವರ್ತನಿ ಇಟ್ಟಂಗ ಗಿರಾಕಿ ಇಡಬೇಕು. ಅದಕ್ಕ ನಾವು ಲೈನ್ ಅಂತೀವಿ. ವಿದ್ಯಾನಗರ ಒಂದು ದಿನ, ಕೊಪ್ಪೀಕರ್ ರೋಡ್ ಒಂದು ದಿನ, ಕೇಶ್ವಾಪುರ ಒಂದು ದಿನ, ಹಿಂಗ. ಒಂದು ಅಂಗಡಿ ಮುಂಭಾಗ, ಒಳಗ-ಹೊರಗ ಎರಡೂ, ವಾರಕ್ಕೊಮ್ಮೆ, ಸಲಕ್ಕ 100 ರೂಪಾಯಿ ಅಂತ ಹಿಡಿ. 40 ಅಂಗಡಿ ಇದ್ರ ವಾರಕ್ಕ 4,000, ತಿಂಗಳಿಗೆ 16,000. ಆರು ದಿನಕ್ಕ ಹಂಚಿದ್ರ ದಿನಾ ಏಳು ಅಂಗಡಿ, ಮಧ್ಯಾಹ್ನದೊಳಗ ಮುಗೀತೈತಿ. ಊಟದ ಮ್ಯಾಲೆ ಮನಿಗೋಳು, ಫ್ಲ್ಯಾಟ್‌ಗೋಳು, ಅದು ಬ್ಯಾರೆ ಗಳಿಕಿ. ಈಗ 19 ಸಾವಿರ ಕೈಗೆ ಬರ್ತೈತಿ ಅಂತ ನೀನ ಬರದೀ. ಅದನ್ನ ದಾಟೋದು ಆಗೋ ಮಾತು. ಆದ್ರ ಆ 40 ಅಂಗಡಿ ಒಂದನೇ ತಾರೀಖಿಗೆ ಎಲ್ಲಿಂದ ಬರ್ತಾವ? ಒಂದೊಂದು ಅಂಗಡಿ ಮೆಟ್ಟಲಾ ಹತ್ತಿ ಕೇಳಬೇಕು. ಹತ್ತು ಮಂದಿ "ನಮ್ಮ ಹುಡುಗ ಒರಸ್ತಾನ್ರಿ" ಅಂತಾರ. ಅವ ಒರಸೋದು ಹಳೇ ಬನಿಯನ್ನಿಲೆ, ಬಿಸಲು ಬಿದ್ರ ಗೆರಿ ಎದ್ದು ಕಾಣ್ತಾವ. ಅಂಥ ಕಡೆ ಮಾತಾಡಬ್ಯಾಡ, ಬಾಗಲದ ಒಂದ ಗಾಜು ಪುಕಟ್ ಮಾಡಿ ತೋರಸು. ಇನ್ನೊಂದು ಗಾಜು ಹೊಲಸು ಕಂಡಾಗ ಮಾಲೀಕ ತಾನ ಕರೀತಾನ.

ಅದಕ್ಕ ಈಗಿನ ನೌಕರಿ ಇಟ್ಕೊಂಡೇ ಸುರು ಮಾಡು. ಇಲ್ಲಿ ಒಂದು ತೊಡಕು ಐತಿ. ಮುಂಜಾನೆ ಏಳಕ್ಕ ಹೋಗಿ ಮುಗಸ್ತೀನಿ ಅಂತ ನೀ ಅನ್ಕೊಂಡಿರ್ತಿ, ಆದ್ರ ನಮ್ಮೂರಾಗ ಅಂಗಡಿಗೋಳ ಗಾಜು ಶಟರ್ ಹಿಂದ ಇರ್ತೈತಿ, ಹತ್ತರತನಕ ಶಟರ್ ಎತ್ತೂದಿಲ್ಲ. ಮುಂಜಾನೆ ಸಿಗೋವು ಬೇಕರಿ, ಜಿಮ್, ನಾಷ್ಟಾ ಹೊಟೇಲ್. ಸಂಜೀಕ ಕ್ಲಿನಿಕ್. ನಿನ್ನ ವಾರದ ರಜಾದಾಗ ಮನಿಗೋಳು. ಇವುಗಳಿಂದ ಅರ್ಧಾ ಪಗಾರ ಬರಾಕ ಹತ್ತಿದ ದಿನ ರಾಜೀನಾಮೆ ಬರಿ, ನಾನ ತಿದ್ದಿ ಕೊಡ್ತೀನಿ.

ಧಾರವಾಡದಾಗೂ ಕೇಳ್ತೀನಿ ಅಂದಿದ್ದೀ. ಸದ್ಯ ಬ್ಯಾಡ. 20 ಕಿಲೋಮೀಟರ್ ಹೋಗಿ ಒಂದು ಅಂಗಡಿ ಮಾಡಿದ್ರ ಪೆಟ್ರೋಲಿಗೆ ಸರಿ ಆಗ್ತೈತಿ. ಸುಭಾಸ ರೋಡಿನಾಗ ಸಾಲಕ್ಕ ಐದಾರು ಸಿಕ್ರ ಮಾತ್ರ ಹೋಗು.

ಕಾಕಾ, ಈಗ ನಿಮಗ. ಸಿಟ್ಟಾಗಬ್ಯಾಡ್ರಿ. ಈ ಗಾಜು ಎಳಿಯೋ ರಬ್ಬರ್ ಪಟ್ಟಿ, ನಾವು ವೈಪರ್ ಅಂತೀವಲ್ಲ, ಅದರ ಈಗಿನ ರೂಪ ಮಾಡಿದಾವ ಎಟ್ಟೋರೆ ಸ್ಟೆಕ್ಕೋನೆ ಅಂತ, ಇಟಲಿಯಿಂದ ಅಮೇರಿಕಾದ ಓಕ್‌ಲ್ಯಾಂಡಿಗೆ ಹೋದಾವ. ಅವನೂ ಕಿಡಕಿ ಒರಸಾವನ. ಆವಾಗಿನ ಸಾಮಾನು ಭಾರ ಇತ್ತು, ಎರಡು ರಬ್ಬರ್ ಇರ್ತಿದ್ವು. ಇವ ಹಿತ್ತಾಳಿ ಪಟ್ಟಿಗೆ ಒಂದ ರಬ್ಬರ್ ಕುಂದ್ರಿಸಿ 1936ರಾಗ ಪೇಟೆಂಟ್ ತಗೊಂಡ. ಅವನ ಹೆಸರಿನ ಕಂಪನಿ ಇನ್ನೂ ನಡದೈತಿ. ಹಂಗಂತ ನಮ್ಮ ಹುಡುಗ ಕಂಪನಿ ಕಟ್ಟತಾನ ಅಂತ ನಾ ಹೇಳೂದಿಲ್ಲ. ಶೋರೂಮಿನಾಗ ಟೈ ಕಟ್ಕೊಂಡು ಟಾರ್ಗೆಟ್ ಆಗಲಿಲ್ಲಂತ ಬೈಸ್ಕೊಳ್ಳೋದಕ್ಕ ಮಾನ ಐತಿ, ಇದಕ್ಕ ಇಲ್ಲ ಅನ್ನೋದು ನನಗ ತಿಳೀವಲ್ದು, ಅಷ್ಟ.

ತಡೀರಿ, ಕುಕ್ಕರ್ ಕೂಗಾಕತ್ತೈತಿ.

ಹಾಂ, ಬಂದೆ. ಈಗ ಕೆಲಸದ ಮಾತು, ತಮ್ಮಾ ಇದನ್ನ ಬರಕೋ. ಸಾಮಾನಿಗೆ ಭಾಳ ರೊಕ್ಕ ಸುರೀಬ್ಯಾಡ. ಒಂದು ಛಲೋ ವೈಪರ್, ನೀರು ಹಚ್ಚಾಕ ಮೈಕ್ರೋಫೈಬರ್ ತೊಡಿಸಿದ ಹಿಡಿಕಿ, ಪೇಂಟ್-ಸಿಮೆಂಟ್ ಕೀಳಾಕ ಬ್ಲೇಡಿನ ಸ್ಕ್ರೇಪರ್, ಉದ್ದ ಮಾಡೋ ಕೋಲು, ಬಕೀಟು, ಅರಬಿ. ಸೋಪಂದ್ರ ಭಾಂಡೆ ತಿಕ್ಕೋ ಲಿಕ್ವಿಡ್ ನಾಲ್ಕು ಹನಿ. ನೊರಿ ಭಾಳ ಆದ್ರ ಗೆರಿ ಉಳೀತಾವ. ನೀಲಿ ಸ್ಪ್ರೇ, ಹಳೇ ಪೇಪರ್, ಏನೂ ಬೇಕಾಗಿಲ್ಲ. ಎಳದ ಪ್ರತಿ ಸಲಾ ರಬ್ಬರ್ ಅರಬಿಗೆ ಒರಸು, ಅಂಚು ಸವದ ರಬ್ಬರ್ ಇಟ್ಕೊಂಡು ಕುಂದ್ರಬ್ಯಾಡ. ನೆತ್ತಿ ಬಿಸಲಾಗ ಬಿಸಲಿನ ಕಡೆ ಗಾಜು ಮುಟ್ಟಬ್ಯಾಡ, ಎಳಿಯೋದರಾಗ ಸೋಪ್ ಒಣಗಿರ್ತೈತಿ.

ನಮ್ಮೂರಾಗ ಖರೇ ವೈರಿ ಧೂಳಲ್ಲ, ನೀರು. ಧೂಳು ಹೆಂಗೂ ಐತಿ. ಎರಿ ಮಣ್ಣು, ಆಷಾಢದ ಗಾಳಿ, ಮ್ಯಾಲೆ ರೋಡಿನ ಕೆಲಸ. ಅದು ಒಂದು ಎಳತಕ್ಕ ಹೋಗ್ತೈತಿ, ಮತ್ತ ಬರ್ತೈತಿ, ಬಂದ್ರ ನಮಗ ಕೆಲಸ. ಆದ್ರ ಬೋರಿನ ಗಡಸು ನೀರು ಗಾಜಿನ ಮ್ಯಾಲೆ ಒಣಗಿದ್ರ ಅದರಾಗಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಬಿಳೀ ಚುಕ್ಕಿ ಆಗಿ ಕುಂದ್ರತಾವ. ವರ್ಷಗಟ್ಟಲೆ ಬಿಟ್ರ ಗಾಜು ಸುಟ್ಟಂಗ ಆಗ್ತೈತಿ. ಅದಕ್ಕ ನಳದಾಗ ಮಲಪ್ರಭಾ ನೀರು ಬಂದ ದಿನ ಕ್ಯಾನ್ ತುಂಬಿ ಇಡು, ಮಳಿಗಾಲದಾಗ ಮಾಳಿಗಿ ನೀರು ಹಿಡಿ, ಮೊದಲ ಮಳಿ ನೀರು ಬಿಟ್ಟು. ನೀರಾಗ ಕರಗಿದ ಉಪ್ಪು ಎಷ್ಟೈತಿ ಅಂತ ತೋರಸೋ ಪೆನ್ನಿನಂಥಾ ಟಿ.ಡಿ.ಎಸ್. ಮೀಟರ್ ಸಿಗ್ತೈತಿ, ಒಂದು ತಗೋ. ಕುಡಿಯೋ ನೀರಿಗೆ 500ರತನಕ ಅಡ್ಡಿಯಿಲ್ಲ, ಆದ್ರ ಒರಸದ ಹಂಗ ಒಣಗಾಕ ಬಿಟ್ರ ಕಲಿ ಬೀಳಬಾರ್ದು ಅಂದ್ರ 10ರ ಒಳಗ ಇರಬೇಕು. ಹೊರದೇಶದಾಗ ಕೋಲಿನ ತುದಿಗೆ ಬ್ರಷ್ ಕಟ್ಟಿ, ಶುದ್ಧ ನೀರು ಹಾಯಿಸಿ ಹಂಗೇ ಬಿಟ್ಟು ಬರ್ತಾರಲ್ಲ, ಅದರ ಗುಟ್ಟು ಇದ. ನಾವು ರಬ್ಬರಿಲೆ ನೀರು ಎಳದು ತಗೀತೀವಿ, ಅಂಚು ಒರಸ್ತೀವಿ, ಹಂಗಾಗಿ ನಳದ ನೀರು ನಡೀತೈತಿ. ಒಂದು ಮಾತು, ಆರ್.ಓ. ಮಷಿನ್ ಹೊರಗ ಬಿಡೋ ನೀರು ಪುಕಟ್ ಸಿಗ್ತೈತಂತ ಬಳಸಬ್ಯಾಡ. ಉಪ್ಪೆಲ್ಲಾ ಅದರಾಗ ಕೂಡಿರ್ತೈತಿ, ಬೋರಿಗಿಂತ ಕಡೆ.

ಕುಂತ ಕಲಿಗೆ ಸಿಟ್ರಿಕ್ ಆಸಿಡ್ ಪುಡಿ ನೀರಾಗ ಕಲಸಿ ಹಚ್ಚು, ಸ್ವಲ್ಪ ಬಿಟ್ಟು ತಿಕ್ಕು. ಬಾತ್‌ರೂಮ್ ಆಸಿಡ್ ಒಯ್ಯಬ್ಯಾಡ, ಅಲ್ಯೂಮಿನಿಯಂ ಚೌಕಟ್ಟು ಕರ್ರಗ ಆಗ್ತೈತಿ. ಸಿಟ್ರಿಕ್ ಹಚ್ಚೋವಾಗೂ ಕಿಡಕಿ ಕೆಳಗಿನ ಕಲ್ಲು ನೋಡು. ನಮ್ಮ ಕಡೆ ಮನಿಗೋಳಾಗ ಕಡಪಾ, ಶಹಾಬಾದಿ ಭಾಳ. ಅವು ಸುಣ್ಣಕಲ್ಲಿನ ಜಾತಿ, ಮಾರ್ಬಲ್ಲೂ ಹಂಗ. ಹುಳಿ ಬಿದ್ರ ಹೊಳಪು ಹೋಗ್ತೈತಿ. ನೀರಾಗ ಅದ್ದಿದ ದಪ್ಪ ಅರಬಿ ಹಾಸೇ ಸುರು ಮಾಡು.

ಹೊಸಾ ಕಟ್ಟಡದ ಕೆಲಸ ದೊಡ್ಡ ರೊಕ್ಕ ಕಾಣ್ತೈತಿ, ತಾಳು. ಮೂಲ್ಯಾಗ ಸಣ್ಣ ಮುದ್ರಿ ಇದ್ರ ಅದು ಟಫನ್ಡ್ ಗಾಜು, ಅಂದ್ರ ಕಾಸಿ ಗಟ್ಟಿ ಮಾಡಿದ್ದು. ಮಾಡೋವಾಗ ಸಣ್ಣ ಹರಳು ಅಂಟಿರ್ತಾವ, ಬ್ಲೇಡ್ ಹಾಕಿದ್ರ ಅವ ಉರುಳಿ ಗೆರಿ ಕೊರೀತಾವ. ಮಾಲೀಕ ಗಾಜಿನ ರೊಕ್ಕ ನಿನ್ನ ಕಡೆ ಕೇಳ್ತಾನ. ಮೊದಲ ಒಂದು ಮೂಲಿ ಮಾಡಿ ತೋರಿಸಿ, ಗೆರಿ ಬಿದ್ರ ಜವಾಬ್ದಾರಿ ನಂದಲ್ಲ ಅಂತ ಬರಿಸ್ಕೋ, ಆಮ್ಯಾಲೆ ಮುಂದಿಂದು. ಮೊದಲ ಸಲದ ರೇಟು ಯಾವಾಗಲೂ ದುಪ್ಪಟ್ಟು ಹೇಳು, ತಿಂಗಳಿಂದು ಕಮ್ಮಿ.

ಎತ್ತರದ ಕೆಲಸ ಬ್ಯಾಡೇ ಬ್ಯಾಡ. ಇದರಾಗ ನನ್ನ ಕೂಡ ವಾದಾ ಮಾಡಬ್ಯಾಡ. ಹಗ್ಗಕ್ಕ ಜೋತು ಬೀಳೋದು ಬ್ಯಾರೆ ವಿದ್ಯಾ, ಅದಕ್ಕ ತರಬೇತಿ ಬೇಕು. ನೆಲದ ಮ್ಯಾಲೆ ನಿಂತು ಕೋಲಿಗೆ ಎಟಕೋದಷ್ಟ ಹಿಡಿ. ನಿಚ್ಚಣಿಕಿ ಹಾಕಲೇಬೇಕಂದ್ರ ನಾಲ್ಕು ಫೂಟ್ ಎತ್ತರಕ್ಕ ಒಂದು ಫೂಟ್ ಬುಡ ಹೊರಗ ಇರಲಿ. ಹಳೇ ಹುಬ್ಬಳ್ಳಿ ಕಡೆ ಬಾಲ್ಕನಿ ಬಾಜೂಕ ಹೆಸ್ಕಾಂ ಕರೆಂಟ್ ವೈರ್ ಹಾದಿರ್ತಾವ, ಅಲ್ಲಿ ಅಲ್ಯೂಮಿನಿಯಂ ನಿಚ್ಚಣಿಕಿ, ಅಲ್ಯೂಮಿನಿಯಂ ಕೋಲು ಎರಡೂ ಎತ್ತಬ್ಯಾಡ. ಅಂಥಾ ಮನಿ ಬಿಟ್ಟು ಬಾ, ರೊಕ್ಕ ಬ್ಯಾರೆ ಕಡೆ ಐತಿ. ಇವತ್ತ ಬ್ಯಾಂಕಿಗೆ ಹೋಗಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸು, ವರ್ಷಕ್ಕ 20 ರೂಪಾಯಿ, ಅಪಘಾತದಾಗ ಜೀವ ಹೋದ್ರ 2 ಲಕ್ಷ. ಅಷ್ಟಕ್ಕ ಸಾಲೂದಿಲ್ಲ, ಆದ್ರ ಅದೂ ಇಲ್ದ ಮನಿ ಬಿಟ್ಟು ಹೊಂಡಬ್ಯಾಡ.

ನೌಕರಿ ಬಿಟ್ರ ಏನೇನು ಹೋಗ್ತೈತಿ ಅಂತ ಯಾರೂ ಲೆಕ್ಕ ಹಾಕೂದಿಲ್ಲ. ಇ.ಎಸ್.ಐ., ಅಂದ್ರ ನೌಕರರ ದವಾಖಾನಿ ವಿಮಾ, ಹೋಗ್ತೈತಿ, ಅಪ್ಪಾಜಿ ಗುಳಿಗಿ ಅದರ ಮ್ಯಾಲೆ ನಡದಾವ. ಬಿ.ಪಿ.ಎಲ್. ಕಾರ್ಡ್ ಇದ್ರ ಆಯುಷ್ಮಾನ್ ಕಾರ್ಡಿನಾಗ ವರ್ಷಕ್ಕ 5 ಲಕ್ಷದತನಕ ಐತಿ, ಆದ್ರ ದಿನಾ ನುಂಗೋ ಗುಳಿಗಿ ಅದರಾಗ ಬರೂದಿಲ್ಲ, ಅಡ್ಮಿಟ್ ಆದ್ರ ಅಷ್ಟ. ಪಿ.ಎಫ್. ಪೆನ್ಶನ್ನಿಗೆ 10 ವರ್ಷ ಸರ್ವಿಸ್ ಬೇಕು, ನಿಂದು ಇನ್ನೂ ತುಂಬಿಲ್ಲ. ಪೆನ್ಶನ್ ರೊಕ್ಕ ಕೀಳಬ್ಯಾಡ, ಸ್ಕೀಮ್ ಸರ್ಟಿಫಿಕೇಟ್ ತಗೋ. ಮುಂದ ಎಲ್ಯಾರ ಕೆಲಸಕ್ಕ ಸೇರಿದ್ರ ಈ ವರ್ಷಗೋಳನ್ನ ಅದಕ್ಕ ಕೂಡಸ್ತಾರ.

ರೊಕ್ಕ ವಸೂಲಿ. ಸಣ್ಣ ಅಂಗಡಿಯವರು ಅಲ್ಲೇ ಸ್ಕ್ಯಾನ್ ಮಾಡಿ ಕೊಡ್ತಾರ, ದೇವರಂಥವರು. ದೊಡ್ಡವರು "ಬಿಲ್ ಪಾಸ್ ಆಗಬೇಕ್ರಿ" ಅಂತಾರ. ಒಂದು ಕಡೆ, ಹೆಸರು ಬ್ಯಾಡ, ದೀಪಾವಳಿ ಬಿಲ್ಲಿಗೆ ಯುಗಾದಿತನಕ ಅಲಿಸಿದ್ರು. ಅದಕ್ಕ ಸಣ್ಣ ದಗದಾದವರಿಗೆ ಸರ್ಕಾರ ಮಾಡಿಕೊಡೋ ಉದ್ಯಮ್ ನೋಂದಣಿ ಮೊದಲ ಮಾಡ್ಕೋ, ಆನ್‌ಲೈನ್, ಪುಕಟ್. ಯಾರಾರ ಏಜೆಂಟ್ ರೊಕ್ಕ ಕೇಳಿದ್ರ ಕೊಡಬ್ಯಾಡ. 2006ರ ಸಣ್ಣ ಉದ್ದಿಮೆ ಕಾಯ್ದೆ ಪ್ರಕಾರ ಕರಾರು ಇದ್ರೂ 45 ದಿನದೊಳಗ ರೊಕ್ಕ ಕೊಡಬೇಕು, ತಡಾ ಮಾಡಿದ್ರ ಬಡ್ಡಿ ಸೈತ. ಬಿಲ್ಲಿನ ಕೆಳಗ ಉದ್ಯಮ್ ನಂಬರ್ ಹಾಕು, ಅವರ ಅಕೌಂಟೆಂಟಗ ತಿಳೀತೈತಿ. ವರ್ಷದ ವಹಿವಾಟು 20 ಲಕ್ಷದ ಒಳಗ ಇದ್ರ ಜಿ.ಎಸ್.ಟಿ. ಜಂಜಾಟ ಇಲ್ಲ.

ಹಂಗಾಮಿನ ಮಾತು ಸ್ವಲ್ಪ. ಮಾನವಮಿ ಅಮಾಸಿ ಮುಂದ ಎರಡು ವಾರ ಫೋನ್ ಕೆಳಗ ಇಡಾಕ ಆಗೂದಿಲ್ಲ. ಘಟಾ ಹಾಕೋದರಾಗ ಮನಿ ಹಸನಾಗಬೇಕು ಎಲ್ಲಾರಿಗೂ. ದೀಪಾವಳಿ ಲಕ್ಷ್ಮೀಪೂಜಿಗೆ ಅಂಗಡಿಗೋಳು. ಜೂನ್-ಜುಲೈದಾಗ ಮನಿಯವರು "ಮಳಿ ನಿಲ್ಲಲ್ರಿ" ಅಂತಾರ, ಆವಾಗ ಅನ್ನ ಹಾಕೋದು ಅಂಗಡಿ ಲೈನ್ ಒಂದ. ಇನ್ನೊಂದು, ಮಧ್ಯಾಹ್ನ ಫ್ಲ್ಯಾಟಿನಾಗ ಹೆಣ್ಣುಮಕ್ಕಳು ಒಬ್ಬರ ಇರ್ತಾರ. ನಾ ಕೂಡ ಹೋದ್ರ ಬಾಗಲಾ ತಗೀತಾರ, ಇವ್ರು ಒಬ್ಬರ ಹೋದ್ರ "ಭಾನುವಾರ ಬರ್ರಿ" ಅಂತಾರ. ತಪ್ಪಂತ ನಾ ಅನ್ನೂದಿಲ್ಲ. ನೀ ಹೋಗೋವಾಗ ಮೊದಲ ಫೋಟೋ, ಹೆಸರು ಕಳಿಸು, ಟೈಮಿಗೆ ಹೋಗು, ಅಟ್ಟದ ಸಾಮಾನು ಇಳಿಸಿ ಕೊಡಂದ್ರ ಇಳಿಸಿ ಕೊಡು.

ಅತ್ತಿ, ಕನ್ಯಾದ ಮಾತು. ಬರೇ ಪಗಾರ ಚೀಟಿ ನೋಡಿ ಬರೋ ಬೀಗರು ಬ್ಯಾಡ್ರಿ ನಮಗ. ಉಳದಿದ್ದು ನಿಮ್ಮ ಕೂಡ ಫೋನಿನಾಗ ಮಾತಾಡ್ತೀನಿ.

ತಮ್ಮಾ, ನಿನ್ನ ರಜಾ ಯಾವ ವಾರ ಅಂತ ಹೇಳು. ಅವತ್ತ ಇವ್ರ ಕೂಡ ವಿದ್ಯಾನಗರ ಲೈನಿಗೆ ಹೋಗು, ನಾಷ್ಟಾ ಇಲ್ಲೇ ಮಾಡು, ಹಳೇ ಪ್ಯಾಂಟ್ ಹಾಕ್ಕೊಂಡು ಬಾ. ಮೊದಲ ಬಕೀಟು ಹಿಡಿ, ಆಮ್ಯಾಲೆ ವೈಪರ್ ಕೊಡ್ತಾರ. ಬರೋವಾಗ ಗೋಕುಲ ರೋಡಿನಾಗ ನಿಮ್ಮ ಶೋರೂಮಿನ ಅಕ್ಕಪಕ್ಕ ಗಾಜಿನ ಅಂಗಡಿ ಎಷ್ಟು ಅದಾವ, ಯಾವ್ಯಾವ ಹೊಲಸಾಗ್ಯಾವ, ಅಡ್ಡಾಡಿ ಬರಕೊಂಡು ಬಾ. ಆ ಲೈನ್ ನಮ್ಮ ಕಡೆ ಇಲ್ಲ, ನೀ ಹಿಡಿ.