ಅಪ್‌ಡೇಟ್: ಕಾರ್ಯಪ್ಪ ಜಯಂತಿ ಭಾಷಣಕ್ಕೆ ಯಾವ ಸಲಹೆ ಕೆಲಸಕ್ಕೆ ಬಂತು

ಜನವರಿ 28ಕ್ಕೆ ಮಡಿಕೇರಿಯಲ್ಲಿ ಐದು ನಿಮಿಷ ಮಾತಾಡಬೇಕು, ಚೀಟಿ ಓದದೆ ಹೇಗೆ ಅಂತ ಕೇಳಿದ್ದೆ. ಭಾಷಣ ಚೆನ್ನಾಗಿ ಆಯ್ತು, ಎಲ್ಲರಿಗೂ ಥ್ಯಾಂಕ್ಸ್.

ಕೈಹಿಡಿದದ್ದು "ಮೊದಲ ಎರಡು, ಕೊನೆಯ ಎರಡು ವಾಕ್ಯ ಮಾತ್ರ ಬಾಯಿಪಾಠ, ನಡುವೆ ಮೂರೇ ಅಂಶ" ಅನ್ನೋ ಸಲಹೆ. ಅಂಗೈಯಗಲದ ಕಾರ್ಡಲ್ಲಿ ದಪ್ಪಕ್ಷರದಲ್ಲಿ ಇದ್ದದ್ದು ಇಷ್ಟೇ: 1919 ಸೇನಾಧಿಕಾರಿ, 1949ರ ಜನವರಿ 15 ಮೊದಲ ಭಾರತೀಯ ಮಹಾದಂಡನಾಯಕ, 1986 ಫೀಲ್ಡ್ ಮಾರ್ಷಲ್. ಇಸವಿ ಕಂಡರೆ ವಾಕ್ಯ ತಾನಾಗಿ ಬರುತ್ತೆ. ಪೂರ್ತಿ ಬಾಯಿಪಾಠ ಪ್ರಯೋಜನವಿಲ್ಲ, ಒಂದು ಪದ ತಪ್ಪಿದರೆ ಮುಂದಿನದೆಲ್ಲ ಮಾಯ. ಅಭ್ಯಾಸಕ್ಕೆ ಕನ್ನಡಿ ಮುಂದೆ ನಿಲ್ಲೋದಕ್ಕಿಂತ ಮೊಬೈಲ್ ರೆಕಾರ್ಡಿಂಗ್ ಮೇಲು. ಎಲ್ಲಿ ಅವಸರ ಮಾಡ್ತೀವಿ ಅಂತ ಕೇಳಿದ ಕೂಡಲೇ ಗೊತ್ತಾಗುತ್ತೆ.

ಯಾರೂ ಹೇಳದೇ ಇದ್ದದ್ದು ಮೈಕ್ ವಿಷಯ. ಬಾಯಿಗೆ ನೇರ ಹಿಡಿದರೆ ಪ, ಫ, ಭ ಬಂದಾಗಲೆಲ್ಲ ಗಾಳಿ ಬಡಿದು ಸ್ಪೀಕರ್ ಗುದ್ದುತ್ತೆ. ನಾಲ್ಕು ಬೆರಳು ದೂರ, ಗಲ್ಲದ ಕಡೆಗೆ ಸ್ವಲ್ಪ ಇಳಿಸಿ ಹಿಡೀರಿ.