ಟ್ಯೂಬ್ ಆಂಪ್ ಸದ್ದು ಇಳಿಸುವ ಆಟೆನ್ಯುಯೇಟರ್: ಗುಂಪಿನ ಪ್ರಶ್ನೋತ್ತರ

ಅಡ್ಮಿನ್: ಇವತ್ತಿನ ವಿಷಯ ಆಟೆನ್ಯುಯೇಟರ್. ಗಿಟಾರ್ ಟ್ಯೂಬ್ ಆಂಪ್‌ಗೂ ಸ್ಪೀಕರ್‌ಗೂ ನಡುವೆ ಕೂರಿಸುವ ಪೆಟ್ಟಿಗೆ. ಆಂಪ್ ಪೂರ್ತಿ ದುಡಿಯುತ್ತದೆ, ಹೆಚ್ಚಿನ ಪವರ್ ಪೆಟ್ಟಿಗೆಯಲ್ಲೇ ಶಾಖವಾಗಿ ಹೋಗುತ್ತದೆ, ಸ್ಪೀಕರ್‌ಗೆ ಸ್ವಲ್ಪ ಮಾತ್ರ ತಲುಪುತ್ತದೆ. ಉತ್ತರ ಕೊಡುವವರು ನಮ್ಮ ಆಂಪ್ ರಿಪೇರಿಯವರು. ಒಬ್ಬರಿಗೆ ಒಂದೇ ಪ್ರಶ್ನೆ, ದಯವಿಟ್ಟು.

ಆರು ತಂತಿ: ನಮಸ್ಕಾರ ಸರ್. ನನ್ನದು 50 ವಾಟ್ ಹೆಡ್ (ಸ್ಪೀಕರ್ ಇಲ್ಲದ ಆಂಪ್), 16 ಓಮ್ ಸ್ಪೀಕರ್ ಕ್ಯಾಬಿನೆಟ್. ವಾಲ್ಯೂಮ್ 2 ದಾಟಿದರೆ ಮನೆಯವರು ಬಾಗಿಲು ಬಡಿಯುತ್ತಾರೆ. 50 ವಾಟ್ ಅಂತ ಬರೆದಿರುವ ಆಟೆನ್ಯುಯೇಟರ್ ಸಾಕಾ?

ರಿಪೇರಿಯವರು: ನಮಸ್ಕಾರ. ಸಾಲದು. ಆಂಪ್ ಮೇಲಿನ 50 ವಾಟ್ ಅನ್ನುವುದು ಸದ್ದು ಒಡೆಯುವ (ಡಿಸ್ಟಾರ್ಷನ್ ಬರುವ) ಮುಂಚಿನ ಲೆಕ್ಕ. ವಾಲ್ಯೂಮ್ ಪೂರ್ತಿ ತಿರುಗಿಸಿದಾಗ ಅಲೆಯ ತಲೆ ಚಪ್ಪಟೆಯಾಗುತ್ತದೆ, ಅದೇ ಆಂಪ್ ಇನ್ನೂ ಜಾಸ್ತಿ ಕೊಡುತ್ತದೆ. ಲೆಕ್ಕದ ಪ್ರಕಾರ ಎರಡರಷ್ಟರ ತನಕ ಹೋಗಬಹುದು. ಹಾಗಾಗಿ 100 ವಾಟ್ ತಡೆಯುವಂಥದ್ದು ತೆಗೆದುಕೊಳ್ಳಿ. ಓಮ್ 16 ಇರಬೇಕು. ಆಂಪ್‌ನ ಸೆಲೆಕ್ಟರ್, ಆಟೆನ್ಯುಯೇಟರ್, ಕ್ಯಾಬಿನೆಟ್ ಮೂರರಲ್ಲೂ ಒಂದೇ ಅಂಕಿ. ಟಿಎಚ್‌ಡಿ ಹಾಟ್ ಪ್ಲೇಟ್, ಟು ನೋಟ್ಸ್ ಕ್ಯಾಪ್ಟರ್ ಥರದವು ಒಂದೊಂದು ಓಮ್‌ಗೆ ಒಂದೊಂದು ಮಾಡೆಲ್ ಬರುತ್ತವೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇದನ್ನೇ ಮೊದಲು ನೋಡಿ.

ರಾತ್ರಿ ಪಾಳಿ: ಸರ್, 100 ವಾಟ್ ಆಂಪನ್ನು ಎಷ್ಟು ಇಳಿಸಿದರೆ ಮನೆಯಲ್ಲಿ ನುಡಿಸಬಹುದು?

ರಿಪೇರಿಯವರು: 10 ಡೆಸಿಬಲ್ ಇಳಿಸಿದರೆ 10 ವಾಟ್ ಉಳಿಯುತ್ತದೆ, ಕಿವಿಗೆ ಸುಮಾರು ಅರ್ಧ ಅನ್ನಿಸುತ್ತದೆ ಅಷ್ಟೆ. 20 ಇಳಿಸಿದರೆ 1 ವಾಟ್. ಗಿಟಾರ್ ಸ್ಪೀಕರ್‌ಗಳು ಆ 1 ವಾಟ್‌ಗೇ ಒಂದು ಮೀಟರ್ ದೂರದಲ್ಲಿ ಸುಮಾರು 97ರಿಂದ 100 ಡೆಸಿಬಲ್ ಸದ್ದು ಮಾಡುತ್ತವೆ. ಮಗು ಮಲಗಿರುವ ಮನೆಗೆ ಅದೂ ಜಾಸ್ತಿಯೇ. ನಿಮಗೆ 30 ಅಥವಾ ಅದಕ್ಕೂ ಮೇಲೆ ಇಳಿಸುವಂಥದ್ದು ಬೇಕು. ಅಷ್ಟು ಇಳಿಸಿದ ಮೇಲೆ ಸದ್ದು ಸಪ್ಪೆ ಅನ್ನಿಸಿದರೆ ಪೆಟ್ಟಿಗೆಯನ್ನು ಬೈಯಬೇಡಿ. ಸಣ್ಣ ಸದ್ದಿನಲ್ಲಿ ನಮ್ಮ ಕಿವಿಗೆ ಬೇಸ್ ಕಡಿಮೆ ಕೇಳಿಸುತ್ತದೆ. ಸ್ಪೀಕರ್ ಕೋನ್ ಕೂಡ ಮೈಮುರಿದು ದುಡಿಯುವುದಿಲ್ಲ.

ಬ್ಲೂಸ್ ಭಾವ: ಒಂದು ಫಾರ್ವರ್ಡ್ ಬಂದಿದೆ ಸರ್. ನಾಲ್ಕು ಪವರ್ ಟ್ಯೂಬ್‌ಗಳಲ್ಲಿ ಎರಡು ಕಿತ್ತರೆ ಸದ್ದು ಅರ್ಧ ಆಗುತ್ತದಂತೆ. ಪೆಟ್ಟಿಗೆಯೇ ಬೇಡವಂತೆ.

ರಿಪೇರಿಯವರು: ಪವರ್ ಅರ್ಧ, ಸದ್ದು ಅರ್ಧ ಅಲ್ಲ. ಇಳಿಯುವುದು ಬರೀ 3 ಡೆಸಿಬಲ್. ನಾಲ್ಕು ಟ್ಯೂಬ್‌ಗಳು ಎರಡೆರಡಾಗಿ ಎರಡು ಬದಿಯಲ್ಲಿ ದುಡಿಯುತ್ತವೆ. ಒಂದೇ ಬದಿಯ ಎರಡನ್ನು ಕಿತ್ತರೆ ಕೆಲಸ ಕೆಟ್ಟಿತು, ಎರಡೂ ಬದಿಯಿಂದ ಒಂದೊಂದು ತೆಗೆಯಬೇಕು. ಸೆಲೆಕ್ಟರನ್ನು ಕ್ಯಾಬಿನೆಟ್‌ನ ಅರ್ಧ ಓಮ್‌ಗೆ ಇಡಬೇಕು. ಇದೆಲ್ಲ ಆ ಫಾರ್ವರ್ಡ್‌ನಲ್ಲಿ ಇರಲಿಲ್ಲ ಅಲ್ವಾ?

ಕಾಂಬೋ ಕಾಕಾ: ನನ್ನದು ಕಾಂಬೋ. ಸ್ಪೀಕರ್ ಒಳಗೇ ಇದೆ. ಆಟೆನ್ಯುಯೇಟರ್ ಎಲ್ಲಿ ಸಿಕ್ಕಿಸಬೇಕು?

ಮಾಳಿಗೆ ಬ್ಯಾಂಡ್: ಸರ್ ಅರ್ಜೆಂಟ್. 100 ವಾಟ್ ಹೆಡ್, ನಾಲ್ಕು ಇಎಲ್34 ಪವರ್ ಟ್ಯೂಬ್, 8 ಓಮ್. ಆಟೆನ್ಯುಯೇಟರ್ ಹಾಕಿ ಫುಲ್ ವಾಲ್ಯೂಮ್‌ನಲ್ಲಿ ನುಡಿಸುತ್ತಿದ್ದೆವು. ನಡುವೆ ಸದ್ದು ಹೋಗಿ ಬಂದು ಮಾಡಿತು. ಆಮೇಲೆ ಹಿಂದಿನಿಂದ ಪಟ್ ಅಂತ ನೀಲಿ ಕಿಡಿ, ಫ್ಯೂಸ್ ಹೋಯಿತು. ಹೊಸ ಟ್ಯೂಬ್, ಹೊಸ ಫ್ಯೂಸ್ ಹಾಕಿದೆವು. ಆನ್ ಮಾಡಿದ ಕೂಡಲೇ ಮತ್ತೆ ಹೋಯಿತು. ದೊಡ್ಡ ಫ್ಯೂಸ್ ಹಾಕಿ ನೋಡು ಅಂತಾನೆ ನಮ್ಮ ಡ್ರಮ್ಮರ್.

ರಿಪೇರಿಯವರು: ದೊಡ್ಡ ಫ್ಯೂಸ್ ಹಾಕಬೇಡಿ. ಆನ್ ಮಾಡಲೇಬೇಡಿ. ಪ್ಲಗ್ ಕಿತ್ತಿಡಿ. ಆಂಪ್‌ನಿಂದ ಆಟೆನ್ಯುಯೇಟರ್‌ಗೆ ಯಾವ ಕೇಬಲ್ ಹಾಕಿದ್ದಿರಿ?

ಮಾಳಿಗೆ ಬ್ಯಾಂಡ್: ಗಿಟಾರ್ ಕೇಬಲ್ ಸರ್. ಜ್ಯಾಕ್ ಒಂದೇ ಇತ್ತಲ್ಲ.

ರಿಪೇರಿಯವರು: ಜ್ಯಾಕ್ ಒಂದೇ, ಒಳಗಿನ ತಂತಿ ಬೇರೆ. ಗಿಟಾರ್ ಕೇಬಲ್ ಇರುವುದು ಪಿಕಪ್‌ನ ಪುಟ್ಟ ಸಿಗ್ನಲ್‌ಗೆ. 8 ಓಮ್‌ಗೆ 100 ವಾಟ್ ಅಂದರೆ ಮೂರೂವರೆ ಆಂಪಿಯರ್ ಹರಿಯುತ್ತದೆ. ಆ ತೆಳು ತಂತಿ ಬಿಸಿಯಾಗಿ ಬೆಸುಗೆ ಸಡಿಲಾಗುತ್ತದೆ. ಸದ್ದು ಹೋಗಿ ಬಂದಿದ್ದು ಅದೇ ಇರಬೇಕು. ಆ ಕ್ಷಣಕ್ಕೆ ನಿಮ್ಮ ಆಂಪ್‌ಗೆ ಲೋಡ್ (ಪವರ್ ತೆಗೆದುಕೊಳ್ಳುವ ಸ್ಪೀಕರ್ ಅಥವಾ ಆಟೆನ್ಯುಯೇಟರ್) ಇರಲಿಲ್ಲ. ಲೋಡ್ ಇಲ್ಲದೆ ಜೋರಾಗಿ ನುಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನಲ್ಲಿದ್ದ ಶಕ್ತಿಗೆ ಹೋಗಲು ದಾರಿ ಇರುವುದಿಲ್ಲ. ಭಾರೀ ವೋಲ್ಟೇಜ್ ಆಗಿ ಟ್ಯೂಬ್ ಕಡೆಗೇ ತಿರುಗುತ್ತದೆ. ಇಎಲ್34 ಸಾಕೆಟ್‌ನಲ್ಲಿ 3ನೇ ಪಿನ್ ಪ್ಲೇಟ್ (ಹೆಚ್ಚು ವೋಲ್ಟೇಜ್ ಇರುವ ಭಾಗ), ಪಕ್ಕದ 2ನೇ ಪಿನ್ ಹೀಟರ್. ಕಿಡಿ ಸಾಮಾನ್ಯವಾಗಿ ಈ ಎರಡರ ನಡುವೆ ಹಾರುತ್ತದೆ. ಹಾರಿದ ಜಾಗ ಸುಟ್ಟು ಕರಿ ಗೆರೆ ಆಗುತ್ತದೆ, ಆ ಕರಿಯಲ್ಲೂ ಕರೆಂಟ್ ಹರಿಯುತ್ತದೆ. ಅದಕ್ಕೇ ಹೊಸ ಟ್ಯೂಬ್ ಹಾಕಿದರೂ ಫ್ಯೂಸ್ ಹೋಗುತ್ತಿದೆ ಅಂತ ನನ್ನ ಅನುಮಾನ. ಅದೃಷ್ಟ ಇದ್ದರೆ ಸಾಕೆಟ್ ಬದಲಿಸಿದರೆ ಮುಗಿಯಿತು. ಇಲ್ಲದಿದ್ದರೆ ಟ್ರಾನ್ಸ್‌ಫಾರ್ಮರ್‌ನ ಇನ್ಸುಲೇಷನ್ನೇ ಹೋಗಿರಬಹುದು. ಅಳೆಯದೆ ಹೇಳಲು ಬರುವುದಿಲ್ಲ.

ನೀವು ಹೊರಗಿನಿಂದ ಮಾಡಬಹುದಾದ್ದು ಇಷ್ಟು. ಎಲ್ಲ ಬಿಚ್ಚಿ, ಕ್ಯಾಬಿನೆಟ್‌ಗೆ ಮಲ್ಟಿಮೀಟರ್ ಇಡಿ. 8 ಓಮ್ ಸ್ಪೀಕರ್ ಮೀಟರ್‌ನಲ್ಲಿ 6ರಿಂದ 7 ತೋರಿಸುತ್ತದೆ, ಅದು ಸರಿ. ಆಮೇಲೆ ಆ ಕೇಬಲ್‌ಗೆ ಇಟ್ಟು ಅಲುಗಾಡಿಸಿ ನೋಡಿ. ಆಟೆನ್ಯುಯೇಟರ್‌ನ ಇನ್‌ಪುಟ್‌ನಲ್ಲಿ ಏನೂ ತೋರಿಸದಿದ್ದರೆ ಅದೂ ಸುಟ್ಟಿರಬಹುದು. ಷಾಸಿ (ಆಂಪ್‌ನ ಒಳಗಿನ ಲೋಹದ ಚೌಕಟ್ಟು) ಮಾತ್ರ ತೆರೆಯಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ 400, 500 ವೋಲ್ಟ್ ನಿಂತಿರಬಹುದು. ಜೀವ ಹೋಗುತ್ತದೆ. ಟ್ಯೂಬ್ ಆಂಪ್ ಗೊತ್ತಿರುವವರ ಕೈಗೆ ಕೊಡಿ. ಗಿಟಾರ್ ಕೇಬಲ್ ಹಾಕಿದ್ದನ್ನು ಮುಚ್ಚಿಡದೆ ಹೇಳಿ.

ಮಾಳಿಗೆ ಬ್ಯಾಂಡ್: ಅಯ್ಯೋ. ಸರಿ ಸರ್. ಡ್ರಮ್ಮರ್‌ಗೂ ಓದಿಸುತ್ತೇನೆ.

ಹೊಸ ಹುರುಪು: ಸರ್ ನನ್ನದೂ 50 ವಾಟ್. 50 ವಾಟ್ ಆಟೆನ್ಯುಯೇಟರ್ ನಡೆಯುತ್ತಾ?

ರಿಪೇರಿಯವರು: ಮೇಲೆ ಇದೆ.

ಟೋನ್ ತಪಸ್ವಿ: ಯಾವುದೇ ತಗೊಳ್ಳಿ, ರಿಯಾಕ್ಟಿವ್ (ಸ್ಪೀಕರ್ ಥರವೇ ಸ್ವರಕ್ಕೆ ತಕ್ಕಂತೆ ಓಮ್ ಬದಲಾಗುವಂಥದ್ದು) ಅಲ್ಲದಿದ್ದರೆ ಕಸ. ಬರೀ ರೆಸಿಸ್ಟರ್ ಇರುವುದು ಆಂಪ್‌ನ ಉಸಿರು ಕಟ್ಟಿಸುತ್ತದೆ.

ಹಳೇ ವಾಲ್ವ್: ಸುಮ್ನೆ ಹೆದರಿಸಬೇಡಿ. ರೆಸಿಸ್ಟರ್ ಇರುವುದರಲ್ಲೇ ಎಷ್ಟೋ ಜನ ರೆಕಾರ್ಡ್ ಮಾಡಿದ್ದಾರೆ. 6 ಡೆಸಿಬಲ್ ಇಳಿಸಿ ಕಣ್ಣು ಕಟ್ಟಿ ಕೇಳಿಸಿದರೆ ನಿಮಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಟೋನ್ ತಪಸ್ವಿ: ನಿಮಗೆ ಗೊತ್ತಾಗುವುದಿಲ್ಲ ಅನ್ನಿ. ಸ್ಪೀಕರ್ ಮೇಲೆ 8 ಓಮ್ ಅಂತ ಬರೆದರೂ ಎಲ್ಲ ಸ್ವರಕ್ಕೂ 8 ಇರುವುದಿಲ್ಲ. 100 ಹರ್ಟ್ಸ್ ಆಸುಪಾಸಿನಲ್ಲಿ ಗುಡ್ಡದ ಹಾಗೆ ಏರುತ್ತದೆ, ಟ್ರೆಬಲ್ ಕಡೆ ಮತ್ತೆ ಏರುತ್ತದೆ. ರೆಸಿಸ್ಟರ್ ಎಲ್ಲಕ್ಕೂ ಒಂದೇ ಮುಖ ತೋರಿಸುತ್ತದೆ.

ಹಳೇ ವಾಲ್ವ್: ಪುಸ್ತಕ ಓದಿದ್ದು ಗೊತ್ತಾಯಿತು. ಸ್ಟೇಜ್ ಮೇಲೆ ಎಷ್ಟು ಸಲ ನುಡಿಸಿದ್ದೀರಿ?

ಟೋನ್ ತಪಸ್ವಿ: ಅದಕ್ಕೂ ಓಮ್‌ಗೂ ಏನು ಸಂಬಂಧ ಸ್ವಾಮಿ?

ರಿಪೇರಿಯವರು: ಇಬ್ಬರೂ ಅರ್ಧರ್ಧ ಸರಿ. ಆರೇಳು ಡೆಸಿಬಲ್ ಇಳಿಸಲು ಒಳ್ಳೆಯ ರೆಸಿಸ್ಟಿವ್ ಸಾಕು. ಸ್ಪೀಕರ್ ತೆಗೆದೇ ರೆಕಾರ್ಡ್ ಮಾಡುವವರು, ತೀರಾ ಕೆಳಗೆ ಇಳಿಸುವವರು ರಿಯಾಕ್ಟಿವ್ ತೆಗೆದುಕೊಳ್ಳಿ. ಫ್ರಯೆಟ್ ಪವರ್ ಸ್ಟೇಷನ್ ಥರದವು ಆಂಪ್‌ನ ಪವರನ್ನೆಲ್ಲ ರಿಯಾಕ್ಟಿವ್ ಲೋಡ್‌ನಲ್ಲಿ ನುಂಗಿ, ತಮ್ಮದೇ ಪವರ್ ಆಂಪ್‌ನಿಂದ ಮತ್ತೆ ಸ್ಪೀಕರ್‌ಗೆ ಕೊಡುತ್ತವೆ. ಬೆಲೆ ಜಾಸ್ತಿ, ತಲೆನೋವು ಕಮ್ಮಿ. ಒಂದು ಎಚ್ಚರಿಕೆ: ಸ್ಪೀಕರ್ ಇಲ್ಲದೆ ಓಡಿಸಲು ಎಲ್ಲ ಆಟೆನ್ಯುಯೇಟರ್‌ಗೂ ಆಗುವುದಿಲ್ಲ. ಲೋಡ್ ಬಾಕ್ಸ್ ಆಗಿಯೂ (ಸ್ಪೀಕರ್ ಬದಲಿಗೆ ಪವರನ್ನೆಲ್ಲ ತಾನೇ ನುಂಗುವಂತೆ) ನಡೆಯುತ್ತದೆ ಅಂತ ಮ್ಯಾನುಯಲ್‌ನಲ್ಲಿ ಬರೆದಿದ್ದರೆ ಮಾತ್ರ.

ಕಾಂಬೋ ಕಾಕಾ: ಸರ್, ನನ್ನ ಪ್ರಶ್ನೆ?

ಜುಗಾಡು: ಇಷ್ಟೆಲ್ಲ ಯಾಕೆ? ಸ್ಪೀಕರ್ ಔಟ್‌ಗೆ ಒಂದು ಬಲ್ಬ್ ಸೇರಿಸಿ ಅಂತ ವಿಡಿಯೋ ಇದೆ. ಹೆಡ್‌ಫೋನನ್ನೂ ಅಲ್ಲೇ ಸಿಕ್ಕಿಸಬಹುದಂತೆ. ಲಿಂಕ್ ಹಾಕಲಾ?

ರಿಪೇರಿಯವರು: ಹಾಕಬೇಡಿ. ತಣ್ಣಗಿರುವ ಬಲ್ಬ್‌ನ ಓಮ್ ಒಂದು, ಉರಿಯುವಾಗ ಅದರ ಎಷ್ಟೋ ಪಟ್ಟು. ಆಂಪ್‌ಗೆ ಲೋಡ್ ಸ್ಥಿರವಾಗಿರಬೇಕು. ಹೆಡ್‌ಫೋನ್ ಸಿಕ್ಕಿಸಿದರೆ ಹೆಡ್‌ಫೋನ್ ಸುಡುತ್ತದೆ. ಸುಟ್ಟ ಮೇಲೆ ಆಂಪ್‌ಗೆ ಲೋಡ್ ಇಲ್ಲ. ಮಾಳಿಗೆ ಬ್ಯಾಂಡ್‌ನವರ ಕಥೆ ಮೇಲೆ ಇದೆ, ಓದಿದ್ದೀರಾ? ವಿಡಿಯೋ ಮಾಡಿದವರು ನಿಮ್ಮ ಟ್ರಾನ್ಸ್‌ಫಾರ್ಮರ್ ಕೊಡಿಸುವುದಿಲ್ಲ.

ಜುಗಾಡು: ಕೇಳಿದ್ದಕ್ಕೆ ಇಷ್ಟು ಕೋಪ ಯಾಕೆ ಸರ್?

ಹಳೇ ವಾಲ್ವ್: ಬಲ್ಬ್ ಅಂದರೆ ಯಾರಿಗೆ ಕೋಪ ಬರಲ್ಲ ಮಾರಾಯ?

ಮೆಟಲ್ ಮಾವ: ಎಫೆಕ್ಟ್ಸ್ ಲೂಪ್‌ಗೆ (ಪ್ರೀಆಂಪ್‌ಗೂ ಪವರ್ ಟ್ಯೂಬ್‌ಗೂ ನಡುವಿನ ಜ್ಯಾಕ್) ವಾಲ್ಯೂಮ್ ಪೆಡಲ್ ಹಾಕಿದರೆ?

ರಿಪೇರಿಯವರು: ಹಾಕಿ, ಅಪಾಯ ಇಲ್ಲ. ಆದರೆ ಅದು ಮಾಸ್ಟರ್ ವಾಲ್ಯೂಮ್ ಇದ್ದಂತೆ. ಪ್ರೀಆಂಪ್‌ನಲ್ಲಿ (ಆಂಪ್‌ನ ಮೊದಲ ಹಂತದಲ್ಲಿ) ಸದ್ದು ಒಡೆಯುತ್ತದೆ, ಪವರ್ ಟ್ಯೂಬ್ ಪೂರ್ತಿ ದುಡಿಯುವುದಿಲ್ಲ. ನಿಮ್ಮ ಸಂಗೀತಕ್ಕೆ ಅದೇ ಸಾಕಾಗಬಹುದು. ಪೆಟ್ಟಿಗೆ ಕೊಳ್ಳುವ ಮೊದಲು ಇದನ್ನೇ ಮಾಡಿ ನೋಡಿ.

ಹೊಸ ಹುರುಪು: ಸರ್, 30 ವಾಟ್ ಆಂಪ್‌ಗೆ 30 ವಾಟ್ ಆಟೆನ್ಯುಯೇಟರ್?

ರಿಪೇರಿಯವರು: ಒಬ್ಬರಿಗೆ ಒಂದೇ ಪ್ರಶ್ನೆ ಅಂತ ಅಡ್ಮಿನ್ ಬರೆದಿದ್ದಾರೆ. ಮೊದಲ ಉತ್ತರ ಓದಿ.

ಟೋನ್ ತಪಸ್ವಿ: 6 ಡೆಸಿಬಲ್‌ಗೂ ವ್ಯತ್ಯಾಸ ಕೇಳಿಸುತ್ತದೆ ಅಂತ ನಾನು ರೆಕಾರ್ಡಿಂಗ್ ಹಾಕಿ ತೋರಿಸುತ್ತೇನೆ.

ಹಳೇ ವಾಲ್ವ್: ಹಾಕಿ. ಯಾವುದು ಯಾವುದು ಅಂತ ಹೆಸರು ಬರೆಯದೆ ಹಾಕಿ.

ಅಡ್ಮಿನ್: ನೀವಿಬ್ಬರೂ ಬೇರೆ ಥ್ರೆಡ್ ಮಾಡಿಕೊಳ್ಳಿ. ಇದನ್ನು ಇವತ್ತು ರಾತ್ರಿ ಮುಚ್ಚುತ್ತೇನೆ.

ಕಾಂಬೋ ಕಾಕಾ: ಮುಚ್ಚುವ ಮುಂಚೆ ನನ್ನದೊಂದು ಹೇಳಿ ಸರ್. ಒಳಗಿನ ಸ್ಪೀಕರ್‌ನ ಜ್ಯಾಕ್ ಕಿತ್ತು ಅಲ್ಲೇ ಸಿಕ್ಕಿಸಿದರೆ ನಡೆಯುತ್ತಾ?