ಕ್ಯಾಲ್ಕುಲೇಟರ್‌ನಲ್ಲಿ √2 ಮತ್ತು 1/17 ಒಂದೇ ಬಗೆಯಾಗಿ ಕಾಣುತ್ತವೆ. ಯಾವುದು ಭಾಗಲಬ್ಧ, ಯಾವುದು ಅಭಾಗಲಬ್ಧ ಎಂದು ತಿಳಿಯುವುದು ಹೇಗೆ?

ಪ್ರಶ್ನೆ (ವಿದ್ಯಾರ್ಥಿನಿಯ ತಾಯಿ)

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಒಂಬತ್ತನೇ ತರಗತಿಯಲ್ಲಿ ಸಂಖ್ಯಾ ಪದ್ಧತಿಯ ಅಧ್ಯಾಯವನ್ನು ಓದುತ್ತಿದ್ದಾಳೆ. ದಶಮಾಂಶ ರೂಪವು ಕೊನೆಗೊಂಡರೆ ಅಥವಾ ಅದರ ಅಂಕಿಗಳು ಆವರ್ತಗೊಂಡರೆ ಅದು ಭಾಗಲಬ್ಧ ಸಂಖ್ಯೆ, ಕೊನೆಗೊಳ್ಳದೆ ಆವರ್ತವೂ ಆಗದಿದ್ದರೆ ಅಭಾಗಲಬ್ಧ ಸಂಖ್ಯೆ ಎಂಬುದು ಅವಳಿಗೆ ಬಾಯಿಪಾಠವಾಗಿದೆ. ಆದರೆ ಕ್ಯಾಲ್ಕುಲೇಟರ್‌ನಲ್ಲಿ √2 ಒತ್ತಿದರೆ 1.414213562 ಎಂದೂ, 1ನ್ನು 17ರಿಂದ ಭಾಗಿಸಿದರೆ 0.058823529 ಎಂದೂ ಬರುತ್ತದೆ. ಎರಡರಲ್ಲೂ ಆವರ್ತ ಕಾಣುವುದಿಲ್ಲ, ಎರಡೂ ಪರದೆಯ ಅಂಚಿಗೆ ಬಂದು ನಿಂತುಬಿಡುತ್ತವೆ. ಹಾಗಿರುವಾಗ ಒಂದನ್ನು ಭಾಗಲಬ್ಧ, ಇನ್ನೊಂದನ್ನು ಅಭಾಗಲಬ್ಧ ಎನ್ನಲು ಆಧಾರವೇನು ಎಂದು ಅವಳು ಕೇಳುತ್ತಾಳೆ. ಜೊತೆಗೆ, √16 ಎಂದರೆ 4 ಮಾತ್ರವೋ ಅಥವಾ −4 ಕೂಡ ಹೌದೋ ಎಂಬ ಅನುಮಾನವೂ ಇದೆ. ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1 (ಪ್ರೌಢಶಾಲಾ ಗಣಿತ ಶಿಕ್ಷಕ)

ನಿಮ್ಮ ಮಗಳು ಈ ಅಧ್ಯಾಯದ ಮರ್ಮವನ್ನೇ ಹಿಡಿದು ಕೇಳಿದ್ದಾಳೆ, ಮೇಡಂ. ಪರದೆಯ ಮೇಲಿನ ಹತ್ತು ಅಂಕಿಗಳನ್ನು ನೋಡಿ ಇಂತಹ ಸಂಖ್ಯೆಗಳನ್ನು ವಿಂಗಡಿಸಲಾಗದು; ಆ ಸಂಖ್ಯೆ ಎಲ್ಲಿಂದ ಬಂತು ಎಂಬುದನ್ನು ನೋಡಿಯೇ ತೀರ್ಮಾನಿಸಬೇಕು.

ಮೊದಲು 1/17ನ್ನು ಕಾಗದದ ಮೇಲೆ ಭಾಗಾಕಾರ ಮಾಡಿ, ಪ್ರತಿ ಹಂತದ ಶೇಷವನ್ನು ಪಕ್ಕದಲ್ಲಿ ಬರೆಯುತ್ತ ಹೋಗಲಿ: 10, 15, 14, 4, 6, 9, 5, 16… ಹೀಗೆ. 17ರಿಂದ ಭಾಗಿಸುವಾಗ ಸೊನ್ನೆಯನ್ನು ಬಿಟ್ಟರೆ 1ರಿಂದ 16ರವರೆಗಿನ ಶೇಷಗಳು ಮಾತ್ರ ಸಾಧ್ಯ. ಆದ್ದರಿಂದ ಹೆಚ್ಚೆಂದರೆ ಹದಿನಾರು ಹಂತಗಳೊಳಗೆ ಹಳೆಯ ಶೇಷವೊಂದು ಮತ್ತೆ ಬರಲೇಬೇಕು, ಅದು ಬಂದ ಕ್ಷಣದಿಂದ ಅಂಕಿಗಳೂ ಹಿಂದಿನ ಕ್ರಮದಲ್ಲೇ ಬರಲೇಬೇಕು. ಇಲ್ಲಿ ಹದಿನಾರನೆಯ ಹಂತದಲ್ಲಿ ಶೇಷ 1 ಆಗಿ, 0588235294117647 ಎಂಬ ಗುಂಪು ಆವರ್ತಗೊಳ್ಳುತ್ತದೆ. ಪರದೆಯಲ್ಲಿ ಆ ಗುಂಪು ಪೂರ್ತಿ ಹಿಡಿಸಲಿಲ್ಲ, ಅಷ್ಟೇ.

√2ರ ವಿಷಯ ಬೇರೆ. ಅದು ಭಾಗಲಬ್ಧವಾಗಿದ್ದರೆ, ಅಂದರೆ ಪೂರ್ಣಾಂಕಗಳ ಒಂದು ಭಿನ್ನರಾಶಿಯೇ ಆಗಿದ್ದರೆ, ಆ ಭಿನ್ನರಾಶಿಯ ಅಂಶದ ವರ್ಗವು ಛೇದದ ವರ್ಗದ ಎರಡರಷ್ಟಿರಬೇಕು. ಯಾವುದೇ ಪೂರ್ಣವರ್ಗವನ್ನು ಅವಿಭಾಜ್ಯ ಅಪವರ್ತನಗಳಾಗಿ ಬಿಡಿಸಿದಾಗ ಪ್ರತಿಯೊಂದು ಅಪವರ್ತನವೂ ಸಮಸಂಖ್ಯೆಯಷ್ಟು ಸಲ ಬರುತ್ತದೆ; 36 = 2×2×3×3 ಎಂಬುದನ್ನು ನೋಡಿ. ಹಾಗಾಗಿ ಅಂಶದ ವರ್ಗದಲ್ಲಿ 2 ಸಮಸಂಖ್ಯೆಯಷ್ಟು ಸಲ ಇರುತ್ತದೆ, ಆದರೆ ಛೇದದ ವರ್ಗವನ್ನು ಇನ್ನೊಂದು 2ರಿಂದ ಗುಣಿಸಿದಾಗ ಅದು ಬೆಸಸಂಖ್ಯೆಯಷ್ಟು ಸಲ ಬರುತ್ತದೆ. ಒಂದು ಸಂಖ್ಯೆಗೆ ಅವಿಭಾಜ್ಯ ಅಪವರ್ತನ ಒಂದೇ ಬಗೆಯಲ್ಲಿ ಸಾಧ್ಯವಾದ್ದರಿಂದ ಈ ಎರಡೂ ಸಮವಾಗಲಾರವು. ಯಾವ ಭಿನ್ನರಾಶಿಯೂ √2 ಆಗದು ಎಂಬುದು ಇಲ್ಲಿಗೆ ಸಿದ್ಧವಾಯಿತು, ಒಂದು ಅಂಕಿಯನ್ನೂ ನೋಡಬೇಕಾಗಲಿಲ್ಲ.

ಇನ್ನು √ ಚಿಹ್ನೆಯು ಋಣವಲ್ಲದ ಮೂಲವನ್ನು ಮಾತ್ರ ಸೂಚಿಸುತ್ತದೆ; ಆದ್ದರಿಂದ √16 = 4. ಯಾವ ಸಂಖ್ಯೆಯ ವರ್ಗ 16 ಎಂದು ಕೇಳಿದಾಗ ಮಾತ್ರ 4 ಮತ್ತು −4 ಎರಡನ್ನೂ ಹೇಳಬೇಕು.

ಉತ್ತರ 2 (ಗಣಿತದ ಇತಿಹಾಸದಲ್ಲಿ ಆಸಕ್ತಿಯುಳ್ಳ ಓದುಗ)

ಶಿಕ್ಷಕರ ಮಾತಿಗೆ ಪೂರಕವಾಗಿ ಒಂದು ಉದಾಹರಣೆ ಕೊಡುತ್ತೇನೆ. ಯಜ್ಞವೇದಿಗಳ ಅಳತೆಗಳನ್ನು ಹೇಳುವ ಬೌಧಾಯನ ಶುಲ್ಬಸೂತ್ರದಲ್ಲಿ ಚೌಕದ ಕರ್ಣವನ್ನು ಪಡೆಯುವ ಕ್ರಮವೊಂದಿದೆ: ಬಾಹುವಿಗೆ ಅದರ ಮೂರನೇ ಒಂದು ಭಾಗವನ್ನು ಸೇರಿಸಿ, ಆ ಭಾಗದ ನಾಲ್ಕನೇ ಒಂದನ್ನೂ ಸೇರಿಸಿ, ಕೊನೆಗೆ ಹೀಗೆ ಸೇರಿಸಿದ ನಾಲ್ಕನೇ ಒಂದರ ಮೂವತ್ತನಾಲ್ಕನೇ ಒಂದು ಭಾಗವನ್ನು ಕಳೆಯಬೇಕು. ಬಾಹು 1 ಆದರೆ ಕರ್ಣದ ನಿಜವಾದ ಉದ್ದ √2; ಈ ಕ್ರಮದಿಂದ ಅದು 577/408 ಆಗುತ್ತದೆ. ಕ್ಯಾಲ್ಕುಲೇಟರ್‌ನಲ್ಲಿ ಇದು 1.414215686, √2ಕ್ಕೂ ಇದಕ್ಕೂ ಐದನೆಯ ದಶಮಾಂಶ ಸ್ಥಾನದವರೆಗೆ ವ್ಯತ್ಯಾಸವೇ ಇಲ್ಲ. ಈಗ ವರ್ಗ ಮಾಡಿ ನೋಡಿ: 577ರ ವರ್ಗ 332929, 408ರ ವರ್ಗದ ಎರಡರಷ್ಟು 332928. ಒಂದೇ ಒಂದರ ಅಂತರ! ಎಷ್ಟೇ ದೊಡ್ಡ ಛೇದವನ್ನು ತೆಗೆದುಕೊಂಡರೂ ಈ ಅಂತರವನ್ನು ಸೊನ್ನೆಗೆ ಇಳಿಸಲಾಗದು ಎಂಬುದೇ ಮೇಲಿನ ಸಾಧನೆ ಹೇಳುವ ಮಾತು. ಪರದೆ ತೋರಿಸುವ 1.414213562 ಕೂಡ ಇಂತಹದೇ ಒಂದು ಭಾಗಲಬ್ಧ ಸಂಖ್ಯೆ: ಅದರ ಕೊನೆಯ ಅಂಕಿ 2 ಆದ್ದರಿಂದ ಅದರ ವರ್ಗ 4ರಲ್ಲಿ ಕೊನೆಯಾಗುವ ದಶಮಾಂಶವಾಗುತ್ತದೆಯೇ ಹೊರತು ಪೂರ್ಣ 2 ಆಗದು.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ತುಂಬಾ ಧನ್ಯವಾದಗಳು. ಶೇಷಗಳ ಪಟ್ಟಿಯನ್ನು ಮಗಳು ಬಹಳ ಆಸಕ್ತಿಯಿಂದ ಮಾಡಿದಳು. ಅವಳ ಅಭ್ಯಾಸದಲ್ಲಿ √0.04, √0.4, √18 ಮತ್ತು √−4 ಇವನ್ನು ವಿಂಗಡಿಸಬೇಕಾಗಿದೆ. √0.04ರ ಬೆಲೆ 0.2 ಆದಮೇಲೆ √0.4 ಕೂಡ ಭಾಗಲಬ್ಧವೇ ಇರಬೇಕೆಂದು ಅವಳಿಗೆ ತೋರುತ್ತದೆ.

ಉತ್ತರ 3 (ಪ್ರೌಢಶಾಲಾ ಗಣಿತ ಶಿಕ್ಷಕ)

√−4 ವಾಸ್ತವ ಸಂಖ್ಯೆಯೇ ಅಲ್ಲ, ಏಕೆಂದರೆ ಧನವಾಗಲಿ ಋಣವಾಗಲಿ ವರ್ಗ ಮಾಡಿದರೆ ಋಣ ಬರುವುದಿಲ್ಲ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು 9ನೇ ಶತಮಾನದಲ್ಲೇ ತಮ್ಮ ಗಣಿತಸಾರಸಂಗ್ರಹದಲ್ಲಿ, ಋಣಸಂಖ್ಯೆಯು ಸ್ವಭಾವತಃ ವರ್ಗವಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಸ್ಪಷ್ಟವಾಗಿ ಹೇಳಿದ್ದಾರೆ. ನಮ್ಮ ನಾಡಿನ ಮಕ್ಕಳಿಗೆ ಇದನ್ನು ಅವಶ್ಯವಾಗಿ ತಿಳಿಸಬೇಕು.

ಉಳಿದವುಗಳಲ್ಲಿ ದಶಮಾಂಶವನ್ನು ಮೊದಲು ಭಿನ್ನರಾಶಿಯಾಗಿ, ಅದರ ಅತಿ ಸಂಕ್ಷಿಪ್ತ ರೂಪಕ್ಕೆ ತನ್ನಿ. ಅಂಶ, ಛೇದ ಎರಡೂ ಪೂರ್ಣವರ್ಗಗಳಾಗಿದ್ದರೆ ಮಾತ್ರ ವರ್ಗಮೂಲ ಭಾಗಲಬ್ಧವಾಗುತ್ತದೆ. 0.04 ಎಂದರೆ 1/25, ಆದ್ದರಿಂದ ಅದರ ಮೂಲ 1/5. 0.4 ಎಂದರೆ 2/5. ಇಲ್ಲಿ 2 ಕೂಡ, 5 ಕೂಡ ಪೂರ್ಣವರ್ಗವಲ್ಲ, ಹಾಗಾಗಿ √0.4 ಅಭಾಗಲಬ್ಧ. √18 ಎಂದರೆ 3√2, ಅದೂ ಅಭಾಗಲಬ್ಧ. ಇದೇ ಕ್ರಮದಲ್ಲಿ √0.9, √2.25 ಮತ್ತು √2 × √8 ಇವುಗಳನ್ನು ನಿಮ್ಮ ಮಗಳು ಕ್ಯಾಲ್ಕುಲೇಟರ್ ಇಲ್ಲದೆ ವಿಂಗಡಿಸಿ, ಪ್ರತಿಯೊಂದಕ್ಕೂ ಕಾರಣವನ್ನು ಬರೆದು ಇಲ್ಲಿ ಹಾಕಲಿ. ನಾನು ನೋಡಿ ಹೇಳುತ್ತೇನೆ.